ಗಾಡಿಯ ಮೇಲೆ ತಮ್ಮ, ಗಾಡಿಯ ಕೆಳಗೆ ಅಣ್ಣ

ಬೆಳಗಿನ ಆರು ಗಂಟೆ. ಧುಪದಾಳದ ಕಡೆಯಿಂದ ಬರುವ ಚಳಿಗಾಳಿಗೆ ನನ್ನ ಕಿವಿ ಮರಗಟ್ಟಿದೆ. ರಸ್ತೆ ಬದಿಯ ತಗಡಿನ ಶೆಡ್ಡಿನ ಮುಂದೆ, ಎರಡು ಕಲ್ಲಿನ ಕಟ್ಟೆಗಳ ಮೇಲೆ ಪಿಕಪ್ ಗಾಡಿಯೊಂದು ಹತ್ತಿ ನಿಂತಿದೆ. ಕಟ್ಟೆಗಳ ನಡುವೆ ಗೋಣಿತಟ್ಟಿನ ಮೇಲೆ ಅಂಗಾತ ಮಲಗಿದ ಮನುಷ್ಯನ ಎರಡು ಪಾದಗಳಷ್ಟೇ ಕಾಣುತ್ತವೆ. ಒಳಗಿನಿಂದ ತಂತಿ ಬ್ರಷ್ಷಿನ ಕರಕರ ಸದ್ದು, ನಡುನಡುವೆ ಸಣ್ಣ ಸುತ್ತಿಗೆಯ ಟಣ್ ಟಣ್. "ಗಫಾರ ಸಾಹೇಬರು ಇದ್ದಾರಾ?" ಎಂದು ಕೇಳುತ್ತೇನೆ. "ಇದ್ದೇನ್ರಿ, ಕಾಲು ಕಾಣಾಕತ್ತಾವಲ್ಲ," ಎಂದು ಗಾಡಿಯ ಹೊಟ್ಟೆಯೊಳಗಿಂದ ಉತ್ತರ ಬರುತ್ತದೆ.

ಗಫಾರ ಅವರಿಗೆ ಐವತ್ನಾಲ್ಕು ವರ್ಷ. ಮೂವತ್ತೊಂದು ವರ್ಷಗಳಿಂದ ಅವರು ಮಾಡುತ್ತಿರುವುದು ಒಂದೇ ಕೆಲಸ. ಪಿಕಪ್ ಗಾಡಿಗಳ ಚಾಸಿಗೆ, ಅಂದರೆ ಇಡೀ ಗಾಡಿಯನ್ನು ಹೊತ್ತ ಕಬ್ಬಿಣದ ಚೌಕಟ್ಟಿಗೆ, ತುಕ್ಕು ಹತ್ತದಂತೆ ಕಾಯುವುದು. ಸಮುದ್ರವೇ ಇಲ್ಲದ ಗೋಕಾಕ ಸೀಮೆಯಲ್ಲಿ ಇದಕ್ಕೇನು ಅಷ್ಟು ಕೆಲಸ ಎಂದು ನಾನೂ ಜಾಣನಂತೆ ಕೇಳಿದೆ. ಮೂಡಲಗಿ ಕಡೆಯ ಕುರಿ ವ್ಯಾಪಾರಿಗಳು ಚಳಿಗಾಲದಲ್ಲಿ ವಾರಕ್ಕೆರಡು ಸಲ ಹುಕ್ಕೇರಿ, ಸಂಕೇಶ್ವರ ದಾಟಿ ಅಂಬೋಲಿ ಘಟ್ಟದಿಂದ ಕೊಂಕಣದ ಕರಾವಳಿಗೆ ಇಳಿಯುತ್ತಾರಂತೆ. ಹೋಗುವಾಗ ಕುರಿ ಒಯ್ಯುತ್ತಾರೆ, ಬರುವಾಗ ಒಣಮೀನು, ಉಪ್ಪಿನ ಚೀಲ ತರುತ್ತಾರೆ.

"ಹೋಗುವಾಗ ಕುರಿ ಉಚ್ಚಿ, ಬರುವಾಗ ಉಪ್ಪು. ಕಬ್ಬಿಣಕ್ಕ ಸಾಯಾಕ ಇನ್ನೇನ ಬೇಕ್ರಿ?" ಎನ್ನುತ್ತಾರೆ ಗಫಾರ. "ಮಳಿಗಾಲದಾಗ ನೀರು ಹರಕೊಂಡ ಹೋಗತೈತಿ. ಚಳಿಗಾಲದ ಇಬ್ಬನಿ ಹಾಂಗಲ್ಲ. ಉಪ್ಪಿನ ಮ್ಯಾಲ ಬಂದು ಕುಂದರತೈತಿ, ಬೀಗರ ಗತೆ, ಏಳೂದ ಇಲ್ಲ."

ವಾರಕ್ಕೆ ನಾಲ್ಕು ಗಾಡಿ. ಮೊದಲು ಸಿಹಿನೀರಿನಲ್ಲಿ ಉಪ್ಪು ಪೂರ್ತಿ ಹೋಗುವಂತೆ ತೊಳೆಯಬೇಕು. ಎರಡು ದಿನ ಬಿಸಿಲಿಗೆ ಒಣಗಿಸಬೇಕು. ಆಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ, ಸುತ್ತಿಗೆಯಿಂದ ಗೇಣು ಗೇಣಿಗೂ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ದಬ್ ಎನ್ನುತ್ತದೆ. ನಂತರ ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಬಣ್ಣ. ಅದನ್ನು ಹದವಾಗಿ ಕಲಸಿಕೊಡುವವರು ಅವರ ಹೆಂಡತಿ ರಶೀದಾಬಿ. ಚಾಸಿಯ ಒಳಗೆಲ್ಲ ಟೊಳ್ಳು. ಆ ಟೊಳ್ಳಿಗೆ ಉದ್ದನೆಯ ಪೈಪಿನಿಂದ ಎಣ್ಣೆ ಹೊಡೆಯಬೇಕು. ಕೊನೆಗೆ ಅದರ ತಳದಲ್ಲಿರುವ ಆರು ತೂತುಗಳಿಗೆ ತಂತಿ ಹಾಕಿ, ಒಳಗೆ ಹೋದ ನೀರು ಹೊರಗೆ ಬೀಳುತ್ತದೆಯೇ ಎಂದು ನೋಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಕಟ್ಟೆ ಇಳಿಯುತ್ತದೆ, ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಣ್ಣಿಗೆ ಬೀಳುವ ಕೆಲಸ ಪಕ್ಕದ ಅಂಗಡಿಯಲ್ಲಿದೆ. ಅದು ಗಫಾರರ ತಮ್ಮ ತೌಫೀಕನದು. ಗಾಡಿಗಳ ಮೇಲೆ ಹೆಸರು, ಹೂಬಳ್ಳಿ, ಹದ್ದು, ಹುಲಿ ಬರೆಯುವುದು ಅವನ ಕಸುಬು. ಇವತ್ತು ಕಟ್ಟೆಯ ಮೇಲಿರುವ ಗಾಡಿ ಕುಲಗೋಡದ ಲಗಮಣ್ಣನದು. ಅದರ ಹಿಂಬಾಗಿಲಿನ ಮೇಲೆ ತೌಫೀಕ ಮೂರು ವರ್ಷದ ಹಿಂದೆ ಬರೆದ ಟಗರು ಇಂದಿಗೂ ಹೋಗಿಬರುವವರನ್ನು ಗುರುಗುಟ್ಟಿ ನೋಡುತ್ತದೆ. ಸಂತೆಗೆ ಹೋದಲ್ಲೆಲ್ಲ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚಿತ್ರ ಮುಗಿದ ದಿನ ಲಗಮಣ್ಣನ ಮನೆಯವರು ಬಂದು ಬಾನೆಟ್ಟಿಗೆ ಅರಿಶಿನದ ಭಂಡಾರ ಹಚ್ಚಿ, ತೌಫೀಕನ ತಲೆಗೆ ಸನ್ಮಾನದ ಪಟಗಾ ಸುತ್ತಿ, ಹಾರ ಹಾಕಿದರು. ಗಫಾರ ಆಗಲೂ ಗಾಡಿಯ ಕೆಳಗೇ ಇದ್ದರು.

"ಹೊಟ್ಟಿಕಿಚ್ಚು ಆತ್ರಿ, ಸುಳ್ಳ ಯಾಕ ಹೇಳ್ಲಿ," ಎನ್ನುತ್ತಾರೆ ಅವರು. "ಸ್ವಂತ ತಮ್ಮ. ನಾನ ಹೆಗಲ ಮ್ಯಾಲ ಹೊತ್ತು ಸಾಲಿಗಿ ಬಿಟ್ಟು ಬಂದಾಂವ. ಅವಂಗ ಪಟಗಾ ಸುತ್ತಿದ್ರ ಖುಷಿ ಆಗಬೇಕಿತ್ತು. ಆಗಲಿಲ್ರಿ. ಎದಿಯಾಗ ಮೆಣಸಿನಕಾಯಿ ಅರದಂಗಾತು."

ಈ ಮಾತು ಬರೆದುಕೊಳ್ಳುವಾಗ ನನ್ನ ಪೆನ್ನು ಒಂದು ಕ್ಷಣ ನಿಂತದ್ದನ್ನೂ ಹೇಳಿಬಿಡುತ್ತೇನೆ. ಹೋದ ತಿಂಗಳು ನಮ್ಮ ಪತ್ರಿಕೆಯಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯನ ಲೇಖನ ಪುರವಣಿಯ ಮುಖಪುಟದಲ್ಲಿ ಅರ್ಧ ಪುಟದ ಚಿತ್ರದೊಂದಿಗೆ ಬಂತು. ನನ್ನದು ಒಳಪುಟದಲ್ಲಿ, ಮದುವೆ ಜಾಹೀರಾತುಗಳ ನಡುವೆ ಬಂತು. ನಾನು ಅವನಿಗೆ ಚಹಾ ಕೊಡಿಸಿ ಅಭಿನಂದಿಸಿದೆ, ಮನೆಗೆ ಬಂದು ಅವನ ಲೇಖನದಲ್ಲಿ ಹನ್ನೊಂದು ಕಾಗುಣಿತದ ತಪ್ಪು ಹುಡುಕಿದೆ. ಗಫಾರರಂತೆ ಬಾಯಿಬಿಟ್ಟು ಹೇಳುವ ಧೈರ್ಯ ಇವತ್ತಿನವರೆಗೂ ನನಗೆ ಬಂದಿರಲಿಲ್ಲ. ಆ ಧೈರ್ಯದ ಮೇಲೂ ನನಗೀಗ ಹೊಟ್ಟೆಕಿಚ್ಚು.

ಮಾತು ಮುಗಿಸಿ ಗಫಾರ ಮತ್ತೆ ಗಾಡಿಯ ಕೆಳಗೆ ಹೋಗುತ್ತಾರೆ. ಟಣ್, ಟಣ್, ಟಣ್. ಎಡಗಡೆಯ ಹಿಂದಿನ ಗಾಲಿಯ ಹತ್ತಿರ ದಬ್ ಎನ್ನುತ್ತದೆ. ಸದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ನಂತರ ಗಫಾರ ಹೊರಬರುತ್ತಾರೆ. ಕೈಯಲ್ಲಿರುವ ಸ್ಕ್ರೂಡ್ರೈವರಿನ ಅರ್ಧದವರೆಗೆ ಕೆಂಪು ಕೆಸರು ಮೆತ್ತಿದೆ. ಅಷ್ಟು ಆಳ ಅದು ಚಾಸಿಯೊಳಗೆ ಇಳಿದಿದೆ. ರಶೀದಾಬಿ ತಂದಿಟ್ಟ ಚಹಾ ಆರುತ್ತದೆ, ಅವರು ಮುಟ್ಟುವುದಿಲ್ಲ.

ನಡೆದದ್ದು ಇಷ್ಟು. ತಮ್ಮನಿಗೆ ಪಟಗಾ ಸುತ್ತಿದ ದಿನವೇ ಗಫಾರ ಹಟ ಹಿಡಿದರು. ಬಗ್ಗಿ ನೋಡಿದವರು ಬೆರಗಾಗುವಂತೆ ಅದೇ ಗಾಡಿಯ ಕೆಳಭಾಗವನ್ನು ಕನ್ನಡಿ ಮಾಡಿಬಿಡುತ್ತೇನೆ ಎಂದುಕೊಂಡರು. ತಗ್ಗು ದಿಣ್ಣೆಗೆಲ್ಲ ಪುಟ್ಟಿಯ ಲೇಪ ಮೆತ್ತಿ ಉಜ್ಜಿದರು. ನುಣುಪು ಕೆಡುತ್ತದೆಂದು ಆರು ತೂತುಗಳನ್ನೂ ಮುಚ್ಚಿದರು. ಮೇಲೆ ಮೂರು ಕೋಟು ಹೊಳೆಯುವ ಕಪ್ಪು ಬಣ್ಣ ಹೊಡೆದರು. ಲಗಮಣ್ಣ ಮೊಣಕಾಲೂರಿ ಬಗ್ಗಿ ನೋಡಿ, "ಎಪ್ಪಾ, ಮುಖ ಕಾಣಾಕತ್ತೈತಲ್ಲೋ!" ಎಂದು ತನ್ನ ಮೊಬೈಲಿನಲ್ಲಿ ಫೋಟೋ ತೆಗೆದ. ಅಷ್ಟು ವರ್ಷದ ಕಸುಬಿನಲ್ಲಿ ಅವರ ಕೆಲಸದ ಫೋಟೋ ತೆಗೆದದ್ದು ಅದೇ ಮೊದಲು.

"ತೂತು ಮುಚ್ಚಬಾರದು ಅಂತ ಗೊತ್ತಿದ್ದಿಲ್ಲ?" ಎಂದು ಕೇಳುತ್ತೇನೆ.

"ಗೊತ್ತಿತ್ರಿ. ಒಂದ ವಾರ ಎಲ್ಲಾರೂ ನೋಡ್ಲಿ, ಆಮ್ಯಾಲ ತಗದ್ರಾತು ಅಂದ್ಕೊಂಡೆ. ಆಂವ ತಿರಿಗಿ ಬರಲಿಲ್ಲ. ಕರದ್ರ, 'ಇನ್ನೂ ಥಳಥಳಾ ಅನ್ನಾಕತ್ತೈತಿ, ಎದಕ ಬರ್ಲಿ' ಅಂತಿದ್ದ. ನಾನೂ ಖರೆ ಹೇಳಲಿಲ್ಲ."

"ನಾ ಅವತ್ತ ಬ್ಯಾಡಂದಿದ್ದೆ," ಎನ್ನುತ್ತಾರೆ ರಶೀದಾಬಿ. "ಪುಟ್ಟಿ ಕಲಸಿಕೊಡಾಂಗಿಲ್ಲ ಅಂದೆ. ತಾವ ಕಲಸಿಕೊಂಡ್ರು."

ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಮೂರು ಚಳಿಗಾಲದ ಉಪ್ಪುನೀರು ಹೊರದಾರಿಯಿಲ್ಲದೆ ಚಾಸಿಯ ಟೊಳ್ಳಿನಲ್ಲೇ ಕುಳಿತು ಕಬ್ಬಿಣವನ್ನು ತಿಂದಿದೆ. ಹೊರಗಿನ ಹೊಳಪು ಮಾತ್ರ ಹಾಗೇ ಇದೆ. ಸೋಮವಾರ ಗಾಡಿಯ ಪಾಸಿಂಗ್, ಅಂದರೆ ಆರ್‌ಟಿಒ ತಪಾಸಣೆ ಇದೆ. ಲಗಮಣ್ಣ ಹೇಳಿರುವುದು ಒಂದು ಕೈ ಕಪ್ಪು ಬಣ್ಣ ಹೊಡೆದು ಕೊಡು ಎಂದಷ್ಟೇ. ಹೊಡೆದು ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮುಂದಿನ ವಾರ ನಲವತ್ತು ಕುರಿ, ಲಗಮಣ್ಣ, ಇದೇ ಚಾಸಿ, ಅಂಬೋಲಿ ಘಟ್ಟದ ತಿರುವು. ಹೇಳಿದರೆ ಮೂವತ್ತೊಂದು ವರ್ಷದ ಹೆಸರು ಹೋಗುತ್ತದೆ. ಅದೂ ತಮ್ಮನ ಅಂಗಡಿಯ ಮುಂದೆ.

ಎಂಟು ಗಂಟೆಗೆ ಲಗಮಣ್ಣ ಮೋಟರ್ ಸೈಕಲ್ಲಿನಲ್ಲಿ ಬರುತ್ತಾನೆ. ತೌಫೀಕನೂ ಅಂಗಡಿ ತೆಗೆದು, ಬಣ್ಣದ ಡಬ್ಬಿ ಹಿಡಿದು ಟಗರಿನ ಮಾಸಿದ ಕೊಂಬು ತಿದ್ದಲು ಬರುತ್ತಾನೆ. "ಗಫಾರಭಾಯ್, ಆತೇನು?" ಎಂದು ಕೇಳುವ ಲಗಮಣ್ಣನ ಕೈಗೆ ಗಫಾರ ಕೆಸರು ಮೆತ್ತಿದ ಸ್ಕ್ರೂಡ್ರೈವರ್ ಕೊಡುತ್ತಾರೆ.

"ಲಗಮಣ್ಣಾ, ನಿನ್ನ ಚಾಸಿ ಕೊಳತೈತಿ. ಕೊಳಸಿದಾಂವ ನಾನ. ನೀರು ಇಳಿಯೂ ತೂತು ನಾನ ಮುಚ್ಚೇನಿ."

"ಎದಕ ಮುಚ್ಚಿದಿ?"

ಗಫಾರ ತಮ್ಮನ ಕಡೆ ಬೆರಳು ತೋರಿಸುತ್ತಾರೆ. "ಇವಂಗ ಪಟಗಾ ಸುತ್ತಿದ್ರಿ. ನನಗ ತಡಕೊಳ್ಳಾಕ ಆಗಲಿಲ್ಲ."

ಲಗಮಣ್ಣನ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಾಗುತ್ತದೆ. "ಮೂರ ವರ್ಷ ಘಟ್ಟ ಇಳದೇನಿ ಇದರಾಗ. ಹೋದ ವರ್ಷ ಹೇಂತಿ, ಮಕ್ಕಳನ್ನೂ ಕುಂದ್ರಿಸ್ಕೊಂಡ ಹೋಗಿದ್ದೆ. ನಿನ್ನ ಹೊಟ್ಟಿಕಿಚ್ಚಿಗೆ ನನ್ನ ಮನಿ ಹಾಳಾಗತಿತ್ತಲ್ಲೋ!" ಎಂದು ಕೂಗಿ ಸ್ಕ್ರೂಡ್ರೈವರನ್ನು ರಸ್ತೆಯಾಚೆ ಎಸೆಯುತ್ತಾನೆ. ಗಫಾರ ತಲೆ ತಗ್ಗಿಸಿ ನಿಲ್ಲುತ್ತಾರೆ.

ತೌಫೀಕ ಬಣ್ಣದ ಡಬ್ಬಿ ಕೆಳಗಿಟ್ಟು ನಟ್ಟು ಬಿಚ್ಚುವ ಪಾನಾ ತರುತ್ತಾನೆ. ಚಾಸಿ ಸರಿಮಾಡಬೇಕಾದರೆ ಅದರ ಮೇಲೆ ಕೂರಿಸಿದ, ಕುರಿ ತುಂಬುವ ಪೆಟ್ಟಿಗೆಯನ್ನೇ ಎತ್ತಿಳಿಸಬೇಕು. ಅದಕ್ಕೆ ಮೊದಲು ಹಿಂಬಾಗಿಲು ಬಿಚ್ಚಬೇಕು. ತನ್ನ ಟಗರಿನ ಬಾಗಿಲನ್ನು ತಾನೇ ಬಿಚ್ಚಿ ಗೋಡೆಗೆ ಒರಗಿಸುತ್ತಾನೆ. "ಅಣ್ಣಾ, ಇಷ್ಟ ದಿನ ನಿನ್ನ ಸಿಟ್ಟು ಎದಕ ಅಂತ ತಿಳೀಲಾರದ ಸತ್ತೇನಿ," ಎನ್ನುತ್ತಾನೆ. "ಕೇಳಿದ್ರ ಆ ಪಟಗಾ ನಾನ ಕೊಡ್ತಿದ್ದೆ."

"ಕೊಟ್ಟದ್ದು ಯಾರಿಗಿ ಬೇಕಲೇ," ಎನ್ನುತ್ತಾರೆ ಗಫಾರ. ಅದಕ್ಕೂ ಅವರಿಗೆ ಸಿಟ್ಟು.

ಎಂಟು ದಿನ ಗಾಡಿ ಕಟ್ಟೆಯ ಮೇಲೇ ಇರುತ್ತದೆ. ಘಟಪ್ರಭಾದ ವೆಲ್ಡರ್ ಬಂದು ಕೊಳೆತ ಭಾಗ ಕತ್ತರಿಸಿ ಹೊಸ ದಪ್ಪ ಪ್ಲೇಟು ಕೂಡಿಸುತ್ತಾನೆ. ಗಫಾರ ಪುಟ್ಟಿಯನ್ನೆಲ್ಲ ಕೆರೆದು ತೆಗೆದು, ಆರೂ ತೂತು ಬಿಡಿಸಿ, ಹೊಳಪಿಲ್ಲದ ಮಂಕು ಕಪ್ಪು ಬಣ್ಣ ಹೊಡೆಯುತ್ತಾರೆ. ಪಾಸಿಂಗ್ ಒಂದು ವಾರ ತಡವಾಗಿಯಾದರೂ ಆಗುತ್ತದೆ. ಅಷ್ಟೂ ದಿನ ಲಗಮಣ್ಣ ಅವರ ಜೊತೆ ಒಂದು ಮಾತೂ ಆಡುವುದಿಲ್ಲ. ಮೊದಲ ಲೋಡಿನ ದಿನ ಕುಲಗೋಡದಲ್ಲಿ ಕುರಿ ತುಂಬಿಕೊಂಡು ಬಂದು ಗಾಡಿಯನ್ನು ಶೆಡ್ಡಿನ ಮುಂದೆ ನಿಲ್ಲಿಸಿ, ಎಡಗಡೆಯ ಬಾಗಿಲು ತೆರೆಯುತ್ತಾನೆ. "ಹತ್ತು. ಘಟ್ಟ ಇಳಿಯೂತನಕ ಬಾಜೂ ಕುಂದ್ರು. ಮುರದ್ರ ಇಬ್ಬರೂ ಕೂಡೇ ಹೋಗೂಣು."

ಚಾಸಿ ಸರಿಮಾಡಿದವನು ಮೊದಲ ಲೋಡಿಗೆ ಡ್ರೈವರನ ಪಕ್ಕ ಕೂರಬೇಕೆಂಬುದು ಈ ಕಡೆಯ ಗಾಡಿಯವರ ಹಳೆಯ ಪದ್ಧತಿಯಂತೆ. ಈಚೆಗೆ ಯಾರೂ ಪಾಲಿಸುವುದಿಲ್ಲ. ಗಫಾರ ಕೈಯನ್ನೂ ಒರೆಸಿಕೊಳ್ಳದೆ ಹತ್ತಿದರು ಎಂದು ರಶೀದಾಬಿ ಹೇಳುತ್ತಾರೆ.

ಮರುದಿನ ನಾನು ಹೋದಾಗ ಗಫಾರ ಆಗಲೇ ಇನ್ನೊಂದು ಗಾಡಿಯ ಕೆಳಗಿದ್ದಾರೆ. ಲಗಮಣ್ಣ ದಾರಿಯಲ್ಲಿ ಮಾತಾಡಿದನಾ ಎಂದು ಕೇಳುತ್ತೇನೆ.

"ಆಜರಾ ಊರು ದಾಟೂತನಕ ಇಲ್ರಿ. ಆಮ್ಯಾಲ ಎಲಿಅಡಿಕಿ ಕೊಟ್ಟ."

ಪತ್ರಿಕೆಯಲ್ಲಿ ಏನು ಬರೆಯಲಿ, ತಪ್ಪಿನ ವಿಷಯ ಬಿಟ್ಟುಬಿಡಲೇ ಎಂದು ಕೇಳುತ್ತೇನೆ. ಬಿಡಬೇಡಿ ಎನ್ನುತ್ತಾರೆ. ಅದನ್ನು ಓದಿಯಾದರೂ ಡ್ರೈವರುಗಳು ಬಗ್ಗಿ ತಮ್ಮ ತೂತು ನೋಡಿಕೊಳ್ಳಲಿ ಎಂಬುದು ಅವರ ಆಸೆ. ತಮ್ಮನ ಮೇಲಿನ ಹೊಟ್ಟೆಕಿಚ್ಚು ಹೋಯಿತೇ ಎಂದೂ ಕೇಳುತ್ತೇನೆ.

"ಎಲ್ಲಿ ಹೋಗತೈತ್ರಿ ಅದು. ಆದ್ರ ಅಂಬೋಲಿಯಾಗ ಚಾಕ್ಕ ನಿಂತಾಗ ಲಗಮಣ್ಣನ ಕರದು ಬಗ್ಗಿಸಿ ತೋರಿಸಿದೆ. ಆರೂ ತೂತಿನ್ಯಾಗ ಇಬ್ಬನಿ ನೀರು ತಟಕ್ ತಟಕ್ ಅಂತ ಬೀಳಾಕತ್ತಿತ್ತು. ಇಬ್ಬರೂ ಅದನ್ನ ನೋಡಕೋತ ಚಾ ಕುಡದ್ವಿ," ಎಂದು ಗಫಾರ ತಲೆಯನ್ನಷ್ಟೇ ಹೊರಹಾಕಿ ಪಕ್ಕದ ಅಂಗಡಿಯತ್ತ ನೋಡುತ್ತಾರೆ. "ತೌಫೀಕಗ ಹೇಳ್ರಿ ಸರ, ಆ ತಟಕ್ ತಟಕ್ ನೀರಿನ ಚಿತ್ರಾ ಬರಿ, ನೋಡೂಣು ಅಂತ."