ನೊರ್ಬರ್ಟರ ‘ಸುಮ್ಮನೆ’

ಮಂಗಳೂರು ಜೆಪ್ಪುವಿನ ನೊರ್ಬರ್ಟ್ ಅವರದ್ದು ಸಂಬಳ ತಂದ ಕಿವಿ. ಹಂಚಿನ ಕಾರ್ಖಾನೆಯಲ್ಲಿ ಸುಟ್ಟು ಬಂದ ಹಂಚನ್ನು ಬೆರಳಿನ ಗೆಣ್ಣಿನಿಂದ ಬಡಿದು, ‘ಟಣ್’ ಎಂದರೆ ಗಟ್ಟಿ, ‘ಟಪ್’ ಎಂದರೆ ಬಿರುಕು ಎಂದು ಬೇರೆ ಮಾಡುವುದು ಅವರ ಮೂವತ್ತು ವರ್ಷದ ಕೆಲಸ. ಕಾರ್ಖಾನೆ ಮುಚ್ಚಿತು, ಕಿವಿ ಮುಚ್ಚಲಿಲ್ಲ. ಅರುವತ್ತೆಂಟರ ಈ ಪ್ರಾಯದಲ್ಲೂ, ತಾವು ಟ್ರಂಪೆಟ್ ಊದುವ ಬ್ಯಾಂಡಿನಲ್ಲಿ ಯಾರಾದರೂ ಸ್ವರ ತಪ್ಪಿದರೆ ಅವರ ಹುಬ್ಬು ಎರಡು ಬೆರಳು ಮೇಲೇರುತ್ತದೆ. ತಮ್ಮ ಟ್ರಂಪೆಟ್ ಮಾತ್ರ ಹುಟ್ಟಿದ ಮೇಲೆ ತಪ್ಪಿದ್ದೇ ಇಲ್ಲ ಎಂಬುದು ಅವರ ನಂಬಿಕೆ. ಇದಕ್ಕೆ ನಗುವ ಧೈರ್ಯ ಹೆಂಡತಿ ರೊಸಾಲಿನ್‌ಗೆ ಮಾತ್ರ.

ಕಳೆದ ಡಿಸೆಂಬರಿನಲ್ಲಿ ಮೆಟ್ಟಿಲು ಹತ್ತುವಾಗ ಎದೆ ಢವಢವ ಎಂದಿತು. ರೊಸಾಲಿನ್ ಎಳೆದುಕೊಂಡೇ ಡಾಕ್ಟರಲ್ಲಿಗೆ ಹೋದರು. ಡಾಕ್ಟರ್ ದೀಕ್ಷಿತಾ ಬೆರಳು ಮಡಚಿ ಎದೆಯ ಮೇಲೆ ಮೆಲ್ಲನೆ ತಟ್ಟಿದರು.

“ಎಂತ ಡಾಕ್ಟ್ರೇ, ಟಣ್ಣಾ, ಟಪ್ಪಾ? ಹಂಚಾದರೆ ನಾನೇ ಹೇಳ್ತಿದ್ದೆ.”

ಡಾಕ್ಟರ್ ನಗುತ್ತಲೇ ಎದೆಗೆ ವಯರು ಅಂಟಿಸಿ ಸೊಂಟಕ್ಕೊಂದು ಪುಟ್ಟ ಪೆಟ್ಟಿಗೆ ಕಟ್ಟಿದರು. “ಒಂದು ದಿನ ಇಡೀ ಇದು ನಿಮ್ಮ ಎದೆಬಡಿತ ಬರೆದುಕೊಳ್ತದೆ ಅಂಕಲ್. ಎಷ್ಟು ಗಂಟೆಗೆ ಎಂತ ಮಾಡಿದಿರಿ ಅಂತ ನೀವು ಈ ಪುಸ್ತಕದಲ್ಲಿ ಬರೀರಿ. ಯಾವಾಗ ಏರ್ತದೆ, ಯಾವಾಗ ಇಳೀತದೆ ನೋಡುವ.”

“ಬಿಕರ್ನಕಟ್ಟೆ ಹಬ್ಬಕ್ಕೆ ಊದಬಹುದಲ್ಲ?”

“ಅದನ್ನು ಪೆಟ್ಟಿಗೆ ಹೇಳ್ಲಿ.”

ನಲವತ್ತು ವರ್ಷ ಅಲ್ಲಿನ ಬಾಲಯೇಸುವಿನ ಹಬ್ಬಕ್ಕೆ ಊದಿದ ಬಾಯಿ. ಈ ಸಲ ತಪ್ಪಿದರೆ ಆ ಜಾಗ ಅದೇ ಬ್ಯಾಂಡಿನ, ಪಕ್ಕದ ಮನೆಯ ಯೂಸ್ಟೇಸ್‌ಗೆ. ಯೂಸ್ಟೇಸ್ ಒಳ್ಳೆಯವ, ಕೇಳದೆಯೇ ಮೀನು ತಂದುಕೊಡುವವ. ಆದರೆ ಅವನ ಟ್ರಂಪೆಟ್ ‘ಟಪ್’ ಜಾತಿಯದು.

ಹಾಗಾಗಿ ನೊರ್ಬರ್ಟ್ ಒಂದು ಉಪಾಯ ಹೂಡಿದರು: ಪೆಟ್ಟಿಗೆಯಲ್ಲಿ ಬಡಿತ ಏರಲೇಬಾರದು. ಟ್ರಂಪೆಟ್ ಕಪಾಟಿಗೆ ಹೋಯಿತು. ಅವರು ಕುರ್ಚಿಗೆ ಅಂಟಿದರು. ಪುಸ್ತಕದಲ್ಲಿ ಹತ್ತು ಗಂಟೆಗೆ ‘ಸುಮ್ಮನೆ’, ಹನ್ನೆರಡಕ್ಕೆ ‘ಸುಮ್ಮನೆ’, ನಾಲ್ಕಕ್ಕೂ ಅದೇ.

“ಒಂದು ತೆಂಗಿನಕಾಯಿ ಸುಲಿದು ಕೊಡಿ,” ಎಂದರು ರೊಸಾಲಿನ್.

“ಪೆಟ್ಟಿಗೆ ಉಂಟಲ್ಲ!”

“ಅದು ಸೊಂಟದಲ್ಲಿ ಉಂಟು ಮಾರಾಯ್ರೆ, ಕೈಯಲ್ಲಿ ಅಲ್ಲ.”

ಮರುದಿನ ಡಾಕ್ಟರ್ ಗೆರೆಗಳನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನಗು ಮಾಯವಾಯಿತು.

“ಸಂಜೆ ಆರೂ ಇಪ್ಪತ್ತಕ್ಕೆ ಬಡಿತ ನೂರಾ ಮೂವತ್ತಕ್ಕೆ ಏರಿದೆ. ಆಗ ಎಂತ ಮಾಡ್ತಿದ್ರಿ?”

“ಸುಮ್ಮನೆ ಇದ್ದೆ.”

“ಸುಮ್ಮನೆ ಕೂತಲ್ಲೇ ಇಷ್ಟು ಏರಿದರೆ ಅದು ಒಳ್ಳೇದಲ್ಲ ಅಂಕಲ್. ಟ್ರಂಪೆಟ್ ಮುಟ್ಟಬೇಡಿ. ಹಬ್ಬ ಗಿಬ್ಬ ಮರೆತುಬಿಡಿ.”

ತಾವೇ ನೆಟ್ಟ ಗಿಡದ ಮುಳ್ಳು ತಮಗೇ ಚುಚ್ಚಿದಂತಾಯಿತು ನೊರ್ಬರ್ಟರಿಗೆ. ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಹಬ್ಬ ಹೋಗುತ್ತದೆ. ಕೊನೆಗೆ ಬಾಯಿ ಬಿಟ್ಟರು.

“ಸುಮ್ಮನೆ ಇರ್ಲಿಲ್ಲ. ಪಕ್ಕದ ಮನೆಯ ಯೂಸ್ಟೇಸ್ ಊದ್ತಿದ್ದ. ನನ್ನ ಪಾಲಿನ ಪದ್ಯವನ್ನೇ! ಮೇಲಿನ ಸ್ವರಕ್ಕೆ ಹತ್ತುವಲ್ಲಿ ಮೂರು ಸಲ ಜಾರಿದ. ನಾನು ಎದ್ದು ಹೋಗಿ ಕಿಟಕಿಯಲ್ಲಿ ಬೊಬ್ಬೆ ಹೊಡೆದೆ.”

“ಊರಿಗೆಲ್ಲ ಕೇಳಿದೆ,” ಎಂದರು ರೊಸಾಲಿನ್.

ಡಾಕ್ಟರಿಗೆ ಈಗ ಗೆರೆ ಓದುವುದೇ ಮಜವಾಯಿತು. “ಏಳೂವರೆಗೆ ‘ಜಪಸರ ಪ್ರಾರ್ಥನೆ’ ಅಂತ ಬರೆದಿದ್ದೀರಿ. ಐವತ್ತೆಂಟಕ್ಕೆ ಇಳಿದಿದೆ. ಎಂಥ ಭಕ್ತಿ ಅಂಕಲ್!”

“ಗೊರಕೆ ಅದು,” ರೊಸಾಲಿನ್ ಬಿಡಲಿಲ್ಲ. “ಪ್ರಾರ್ಥನೆ ನಾನೊಬ್ಬಳೇ ಹೇಳಿದ್ದು.”

ಡಾಕ್ಟರ್ ಟ್ರಂಪೆಟ್ ತರಿಸಿ, ವಯರು ಅಂಟಿಸಿ, ತಮ್ಮೆದುರೇ ಊದಿಸಿದರು. ನೊರ್ಬರ್ಟ್ ಹಬ್ಬದ ನಿಧಾನದ ಪದ್ಯ ಎತ್ತಿಕೊಂಡರು. ಉಸಿರು ಎಳೆದಾಗ ಬಡಿತ ತುಸು ಏರಿತು. ಉದ್ದಕ್ಕೆ ಊದಿ ಬಿಡುವಾಗ ಮೆಲ್ಲನೆ ಇಳಿಯಿತು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು.

“ಉಸಿರಿನ ಜೊತೆ ಹೀಗೆ ಏರಿ ಇಳಿಯುವುದು ಎಲ್ಲರಿಗೂ ಉಂಟು. ನಿಮ್ಮದರಲ್ಲಿ ತಾಳ ಎಲ್ಲೂ ತಪ್ಪಲಿಲ್ಲ. ನಿಧಾನದ್ದು ಊದಿ, ಜೋರಿನದ್ದು ಬೇಡ. ನೀವು ಊದಿದರೆ ತೊಂದರೆ ಇಲ್ಲ, ಅವರು ಊದಿದರೇ ನಿಮಗೆ ತೊಂದರೆ. ಹೋಗಿ ಅವರಿಗೆ ಸರಿಯಾಗಿ ಕಲಿಸಿ. ಅದೇ ಮದ್ದು.”

“ಹಾಗಾದರೆ ಟಣ್ಣಾ?”

“ಟಣ್,” ಎಂದರು ಡಾಕ್ಟರ್.

ಹಬ್ಬದ ದಿನ ಬಿಕರ್ನಕಟ್ಟೆಯಲ್ಲಿ ನಿಧಾನದ ಪದ್ಯ ನೊರ್ಬರ್ಟರದ್ದು, ಜೋರಿನದ್ದು ಅವರೇ ಕೂರಿಸಿ ಕಲಿಸಿದ ಯೂಸ್ಟೇಸನದ್ದು. ಅಂದು ಮೂರು ಸಲ ಜಾರಿದ್ದ ಆ ಮೇಲಿನ ಸ್ವರ ಹತ್ತಿರವಾಗುತ್ತಿದ್ದಂತೆ ನೊರ್ಬರ್ಟರ ಹುಬ್ಬು ಏರತೊಡಗಿತು, ಕೈ ತಾನಾಗಿ ಎದೆಗೆ ಹೋಯಿತು. ಯೂಸ್ಟೇಸ್ ಜಾರಲಿಲ್ಲ.

“ಎಂತ ಆಯ್ತು?” ಎದೆಯ ಮೇಲಿನ ಕೈ ನೋಡಿ ರೊಸಾಲಿನ್ ಗಾಬರಿಯಿಂದ ಕೇಳಿದರು.

“ಸುಮ್ಮನೆ,” ಎಂದರು ನೊರ್ಬರ್ಟ್.