ಸದ್ದಿಲ್ಲದ ಫೈಲುಗಳ ರೇಯಾಲ್

ಮಾಂಟ್ರಿಯಲ್‌ನ ನಮ್ಮ ಸಂಗೀತ ಸ್ಟುಡಿಯೋದವರು ತಂತ್ರಜ್ಞ ರೇಯಾಲ್‌ಗೆ ಚಳಿಗಾಲದ ಸಂಬಳ ಇನ್ನೂ ಕೊಟ್ಟಿಲ್ಲ; ಆ ಪುಣ್ಯಾತ್ಮನಿಗೆ ಅದರ ನೆನಪೂ ಇಲ್ಲ. ಯಾರು ಗುಂಡಿ ತಿರುಗಿಸಿ ಕಂಪ್ಯೂಟರಿನಲ್ಲಿ ಸಂಗೀತ ನುಡಿಸಿದರೂ ಇವನು ಸದ್ದನ್ನು ಬಿಟ್ಟು, ಗುಂಡಿ ತಿರುಗಿದ ಏರಿಳಿತವನ್ನಷ್ಟೇ ಅಂಕಿಗಳಾಗಿ ಫೈಲಿಗೆ ತುಂಬುತ್ತಾನೆ. ಬಟಾಣಿ ಸೂಪು ಕುಡಿಯುವಾಗಲೂ ಒಂದು ಕಣ್ಣು ಗುಂಡಿಯ ಮೇಲೆ. "ನಿನ್ನ ಆಕಳಿಕೆನೂ ಸೇವ್ ಮಾಡ್ಕೊಂಡ್ಯೇನೋ?" ಎಂದು ಛೇಡಿಸಿದರೆ, "ನಗ್ರಪ್ಪಾ. ಸದ್ದು ಮುಗಿದ ಕತೆ. ಕೈ ಓಡಾಟ ಇಟ್ಕೊಂಡ್ರೆ ನಾಳೆ ಬೇರೆ ವಾದ್ಯಾನೂ ನುಡಿಸ್ತದೆ" ಎನ್ನುತ್ತಾನೆ. ಪಾರ್ಶ್ವವಾಯು ಬಡಿದು ನಮ್ಮ ವಾದಕಿ ಒಡೀಲಳ ಕೈ ಬಿದ್ದುಹೋದ ಮೇಲೆ, ಅವಳ ಹಳೆಯ ಫೈಲನ್ನು ಅವಳೇ ಆರಿಸಿದ ಹೊಸ ವಾದ್ಯದ ದನಿಗೆ ಜೋಡಿಸಿ ಕೇಳಿಸಿದ. "ತಡವರಿಸೋದು ನೋಡು, ನನ್ನ ಕೈಯೇ ಕಣೋ" ಎಂದಳು ಅವಳು. ಈಗ ಆಡಳಿತದವರು ಆ ಫೈಲುಗಳನ್ನು ತೆರೆದು, ಸದ್ದೇ ಕೇಳಿಸದೆ, ಖಾಲಿಯೆಂದು ಶನಿವಾರ ಅಳಿಸುತ್ತಾರಂತೆ. ಅಂದು ಬನ್ನಿ, ನಮ್ಮ ಜೊತೆ ಸ್ಟುಡಿಯೋ ಬಾಗಿಲಿಗೆ ಅಡ್ಡ ಕೂರಿ.