ಗಿಡುಗಕ್ಕೆ ಮುಚ್ಚಿದ ದಾರಿ

ಎದುರುಮನೆಯಾಕೆಗೆ ಹಕ್ಕಿ ನೋಡುವುದನ್ನು ಕಲಿಸಿದವಳು ನಾನು. ಕೋವಿಡ್ ಕಾಲದಲ್ಲಿ ಅಮೆರಿಕದ ಶ್ಯಾಂಟಿಲಿ ಊರಿನ ನಮ್ಮ ಬೀದಿಯಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಪಾಪ ಎಂದು ನನ್ನ ಹಳೆಯ ಬೈನಾಕ್ಯುಲರ್ ಕೊಟ್ಟೆ. ಅದೇ ತಪ್ಪಾಯಿತು. ಎರಡೇ ವರ್ಷದಲ್ಲಿ ನಾನು ಕಂಡ ಹಕ್ಕಿಗಳನ್ನೆಲ್ಲ ಕಂಡಳು, ಕಾಣದವನ್ನೂ ಕಂಡಳು. ಬಂದು ಹೇಳುವಾಗ ಮುಖದಲ್ಲಿ ಒಂದಿಷ್ಟೂ ಜಂಬ ಇರುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನೂ ಹೊಟ್ಟೆಯುರಿ.

ಇಬ್ಬರೂ ನೋಡದೆ ಉಳಿದದ್ದು ಪೆರೆಗ್ರಿನ್ ಗಿಡುಗ. ಇದನ್ನಾದರೂ ಮೊದಲು ನಾನೇ ನೋಡಬೇಕೆಂದು ಹಟ ಹಿಡಿದೆ. ಶೆನಂಡೋವಾ ನ್ಯಾಷನಲ್ ಪಾರ್ಕಿನ ವೆಬ್‌ಸೈಟನ್ನು ದಿನವೂ ಪಂಚಾಂಗದಂತೆ ಓದಿದೆ. ಅಲ್ಲಿನ ಒಂದು ಬಂಡೆಯಲ್ಲಿ ಗಿಡುಗ ಗೂಡು ಮಾಡಿದ್ದರಿಂದ ಅದಕ್ಕೆ ಹತ್ತುವ ಕಾಲುದಾರಿ, ಅಂದರೆ ಟ್ರೇಲ್, ಮುಚ್ಚಿತ್ತು. ಆದರೆ ಕಾರು ನಿಲ್ಲಿಸಿ ಕಣಿವೆ ನೋಡುವ ರಸ್ತೆ ಬದಿಯ ಓವರ್‌ಲುಕ್ ತೆರೆದಿತ್ತು, ಅಲ್ಲಿಂದ ಬಂಡೆ ಕಾಣುತ್ತದೆ.

ಅಷ್ಟರಲ್ಲಿ ಅವಳೇ ಬಂದಳು. "ಶನಿವಾರ ಗಿಡುಗ ನೋಡೋಕೆ ಆ ಬಂಡೆ ಟ್ರೇಲ್‌ಗೆ ಹೋಗೋಣ ಅಂತಿದೀವಿ ರೀ, ನೀವೂ ಬನ್ನಿ. ರಾಹುಕಾಲ ಕಳೆದ್ಮೇಲೆ, ಹತ್ತೂವರೆಗೆ ಸ್ಟಾರ್ಟ್ ಮಾಡ್ತೀವಿ."

"ನನಗೆ ಕೆಲಸ ಇದೆ ಕಣ್ರೀ, ನೀವು ಹೋಗ್ಬನ್ನಿ."

ಟ್ರೇಲ್ ಮುಚ್ಚಿದೆ ಎಂದು ಬಾಯಿ ಬಿಡಲಿಲ್ಲ. ಮೈಸೂರಿನ ಕ್ಯಾಲೆಂಡರಿನ ರಾಹುಕಾಲವನ್ನು ವರ್ಜೀನಿಯಾದ ಸೂರ್ಯನಿಗೆ ಹಚ್ಚುವವಳಿಗೆ ಯಾವ ಹಕ್ಕಿ ಕಾದು ಕೂತಿರುತ್ತದೆ ಎಂದು ಒಳಗೊಳಗೇ ನಕ್ಕೆ.

ಶನಿವಾರ ಬೆಳಕು ಹರಿಯುವ ಮೊದಲೇ ಕಳ್ಳಿಯಂತೆ ಹೊರಟೆ. ಓವರ್‌ಲುಕ್ ತುಂಬ ಮಂಜು. ಬಂಡೆಯಿರಲಿ, ಹತ್ತು ಹೆಜ್ಜೆ ಆಚೆಯ ಮರವೂ ಕಾಣಲಿಲ್ಲ. ಹನ್ನೊಂದರವರೆಗೆ ಕಾದೆ. ಅವಳ ಕಾರು ಬಂದರೆ ಏನು ಹೇಳುವುದು ಎಂಬ ಭಯಕ್ಕೆ ಹೊರಟು ಬಂದೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಮಧ್ಯಾಹ್ನ ಫೋನಿಗೆ ಫೋಟೊ ಬಂತು. ಬಂಡೆಯ ತುದಿಯಲ್ಲಿ ಗಿಡುಗ, ಕಣ್ಣಿನ ಸುತ್ತಲ ಹಳದಿ ಸಹಿತ. ಹಿಂದೆಯೇ ಅವಳ ವಾಯ್ಸ್ ಮೆಸೇಜು: "ಟ್ರೇಲ್ ಕ್ಲೋಸ್ ಆಗಿತ್ತು ರೀ! ಓವರ್‌ಲುಕ್‌ನಲ್ಲೇ ಚಿತ್ರಾನ್ನ ತಿಂತಾ ಕೂತ್ವಿ. ಆಗ ತಾನೇ ಮಂಜು ತೆರೀತು, ಎದುರಿಗೇ ಬಂತು. ನೀವು ಹೋದಾಗ ಟ್ರೇಲ್‌ಗೆ ಹೋಗ್ಬೇಡಿ, ಸುಮ್ನೆ ಸುಸ್ತಾಗ್ತೀರ. ಎಲ್ಲಿ ನಿಲ್ಬೇಕು ಅಂತ ಮ್ಯಾಪ್ ಪಿನ್ ಕಳ್ಸಿದೀನಿ."

ಪಿನ್ ಒತ್ತಿದೆ. ಬೆಳಿಗ್ಗೆ ನಾನು ಕಾರು ನಿಲ್ಲಿಸಿದ್ದ ಜಾಗ. "ಥ್ಯಾಂಕ್ಸ್ ರೀ" ಎಂದು ಬರೆಯಲು ನನಗೆ ಸಂಜೆಯಾಯಿತು.